ಬೋಲ್ಟ್ ಬಿಗಿಯಾಗಿ ನಿಲ್ಲಬೇಕಾ? ಮೊದಲು ಗ್ರೀಸ್ ಹಚ್ಚಿ

"ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ, ಬೋಲ್ಟ್ ತಾನಾಗೇ ಬಿಚ್ಚಿಕೊಳ್ಳುತ್ತೆ." ಮನೆಯಲ್ಲೇ ಸೈಕಲ್ ಬಿಚ್ಚಿ ಜೋಡಿಸೋರಿಗೆ ಈ ಬುದ್ಧಿವಾದ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ಇದು ಶುದ್ಧ ತಪ್ಪು. ತಪ್ಪು ಅನ್ನೋದಕ್ಕಿಂತ, ಉಲ್ಟಾ.

ಬೋಲ್ಟನ್ನ ಹಿಡಿದಿಡೋದು ಒಣ ಲೋಹದ ಒರಟುತನ ಅಲ್ಲ. ಬಿಗಿ ಮಾಡಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ, ವಾಪಸ್ ಕುಗ್ಗೋಕೆ ಎಳೀತಾ ಇರುತ್ತೆ. ಆ ಎಳೆತವೇ ಎರಡು ಭಾಗಗಳನ್ನ ಅದುಮಿ ಹಿಡಿಯೋದು. ನೀವು ಸ್ಪ್ಯಾನರ್‌ಗೆ ಹಾಕೋ ಬಲದಲ್ಲಿ ಸುಮಾರು ಶೇ. 50 ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೆ, ಶೇ. 40 ಥ್ರೆಡ್ ಉಜ್ಜಾಟಕ್ಕೆ ಹೋಗುತ್ತೆ. ಹಿಗ್ಗಿಸೋಕೆ ಉಳಿಯೋದು ಶೇ. 10ರ ಆಸುಪಾಸು. ಥ್ರೆಡ್ ಒಣಗಿದ್ರೆ ಅದೂ ಕಡಿಮೆ. ಕೈಗೆ ಬಿಗಿ ಅನ್ನಿಸುತ್ತೆ, ಕಿರ್ ಅಂತ ಸದ್ದೂ ಬರುತ್ತೆ, ಆದ್ರೆ ಒಳಗೆ ಎಳೆತ ಇಲ್ಲ. ಸಡಿಲ ಆಗೋದು ಅಂಥ ಬೋಲ್ಟೇ.

ಇನ್ನೊಂದು ಕಾರಣ ನೀರು. ಪೆಡಲ್ ಹಿಡಿಯೋ ತೋಳಿಗೆ ಕ್ರ್ಯಾಂಕ್ ಅಂತಾರೆ. ಅಲ್ಯೂಮಿನಿಯಂ ಕ್ರ್ಯಾಂಕ್ ಒಳಗೆ ಸ್ಟೀಲ್ ಪೆಡಲ್ ಆಕ್ಸಲ್ ಕೂತಿರುತ್ತೆ. ಎರಡು ಬೇರೆ ಲೋಹ, ನಡುವೆ ಮಳೆನೀರೋ ಬೆವರಿನ ಉಪ್ಪೋ ಸೇರ್ತು ಅಂದ್ರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಆಗುತ್ತೆ, ಆ ಪುಡಿ ಉಬ್ಬಿ ಥ್ರೆಡ್ ಕಚ್ಚಿಕೊಳ್ಳುತ್ತೆ. ಗ್ರೀಸ್ ಅಲ್ಲಿಗೆ ನೀರು ಹೋಗೋಕೆ ಬಿಡಲ್ಲ. ನನ್ನ ಕೇಳಿದ್ರೆ, ಜಾರಿಕೆಗಿಂತ ದೊಡ್ಡ ಉಪಕಾರ ಇದು.

ಈಗ ಕೆಲಸಕ್ಕೆ ಬನ್ನಿ. ಗ್ರೀಸ್ ಡಬ್ಬಿ ಮುಟ್ಟೋ ಮೊದಲು ಥ್ರೆಡ್ ತೊಳೀರಿ. ಹಳೇ ಗ್ರೀಸ್ ಮೇಲೆ ಹೊಸದು ಮೆತ್ತಿದ್ರೆ ಮರಳು, ಲೋಹದ ಚೂರು ಎಲ್ಲಾ ಒಳಗೇ ಉಳಿದು ಮರಳು ಕಾಗದದ ಥರ ಉಜ್ಜುತ್ತೆ. ಹಳೇ ಟೂತ್ ಬ್ರಷ್, ಡಿಗ್ರೀಸರ್ (ಜಿಡ್ಡು ತೆಗೆಯೋ ದ್ರವ) ಸಾಕು. ಕ್ರ್ಯಾಂಕ್ ತೂತಿನೊಳಗೆ ಬಟ್ಟೆ ಹೊಸೆದು ತೂರಿಸಿ, ತಿರುಗಿಸಿ ಎಳೀರಿ. ಪೂರ್ತಿ ಒಣಗಲಿ.

ಆಮೇಲೆ ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸ್ ಎಷ್ಟು ಗಟ್ಟಿ ಅನ್ನೋ ಅಳತೆ, ಡಬ್ಬಿ ಮೇಲಿರುತ್ತೆ) ಲಿಥಿಯಂ ಅಥವಾ ಕ್ಯಾಲ್ಸಿಯಂ ಗ್ರೀಸ್. ಚೈನ್ ಎಣ್ಣೆ ಬೇಡ, ಹರಿದು ಹೋಗುತ್ತೆ. ಸ್ಪ್ರೇ ಅಂತೂ ತುಕ್ಕು ಬಿಡಿಸೋಕೆ ಮಾತ್ರ. ಟೈಟಾನಿಯಂ ಬೋಲ್ಟ್ ಇದ್ರೆ ಗ್ರೀಸ್ ಬದಲು ಆ್ಯಂಟಿ-ಸೀಜ್, ಅಂದ್ರೆ ಲೋಹ ಕಚ್ಚಿಕೊಳ್ಳದ ಹಾಗೆ ತಡೆಯೋ ಪೇಸ್ಟ್. ಪೆಡಲ್‌ಗೆ ಮೊದಲ ನಾಲ್ಕೈದು ಥ್ರೆಡ್ ಮುಚ್ಚೋಷ್ಟು ತೆಳು ಪದರ, ಎಂ5 (5 ಮಿ.ಮೀ. ದಪ್ಪದ) ಬೋಲ್ಟ್‌ಗೆ ಅಕ್ಕಿಕಾಳಿನಷ್ಟು. ತಳ ಮುಚ್ಚಿರೋ ತೂತಿಗೆ ಗ್ರೀಸ್ ತುಂಬಿದ್ರೆ ಅದೇ ಪಿಸ್ಟನ್ ಥರ ತಡೆದು ಬೋಲ್ಟ್ ಪೂರ್ತಿ ಕೂರಲ್ಲ. ಎಲ್ರೂ ಮರೆಯೋ ಜಾಗ ಬೋಲ್ಟ್ ತಲೆಯ ಕೆಳಗೆ. ಆ ಶೇ. 50 ಉಜ್ಜಾಟ ಅಲ್ಲೇ ಇರೋದು, ಅಲ್ಲೂ ಒಂಚೂರು ಸವರಿ.

ಪೆಡಲ್ ಬಗ್ಗೆ ಒಂದು ಮಾತು ಜಾಸ್ತಿ ಹೇಳ್ಬೇಕು. ಎಡಗಡೆ ಪೆಡಲ್ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದ್ರೆ ಬಿಗಿ ಆಗೋದು. ನೆನಪಿಟ್ಟುಕೊಳ್ಳೋದು ಸುಲಭ: ಸ್ಪ್ಯಾನರ್ ಮೇಲ್ಮುಖವಾಗಿ ನಿಂತಿರಲಿ, ಸೈಕಲ್‌ನ ಮುಂದಕ್ಕೆ ತಳ್ಳಿದ್ರೆ ಎರಡೂ ಕಡೆ ಬಿಗಿ, ಹಿಂದಕ್ಕೆ ತಳ್ಳಿದ್ರೆ ಸಡಿಲ. ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ಹೋಗ್ಬೇಕು. ಹೋಗಲಿಲ್ವಾ, ಉಲ್ಟಾ ತಿರುಗಿಸ್ತಾ ಇರಿ, ಥ್ರೆಡ್ ಟಕ್ ಅಂತ ಇಳಿದ ಮೇಲೆ ಮುಂದಕ್ಕೆ ತಿರುಗಿಸಿ. ಅಡ್ಡ ಕೂತ ಪೆಡಲನ್ನ ಸ್ಪ್ಯಾನರ್ ಹಾಕಿ ತುರುಕಿದ್ರೆ ಹೋಗೋದು ಕ್ರ್ಯಾಂಕ್. ಯಾವ ಗ್ರೀಸೂ ಉಳಿಸಲ್ಲ. ಕೊನೆಗೆ 35ರಿಂದ 40 ನ್ಯೂಟನ್ ಮೀಟರ್ (ತಿರುಚೋ ಬಲದ ಅಳತೆ) ತನಕ ಬಿಗಿ ಮಾಡಿ.

ಬಾಟಮ್ ಬ್ರ್ಯಾಕೆಟ್ (ಎರಡು ಕ್ರ್ಯಾಂಕ್ ನಡುವಿನ ಆಕ್ಸಲ್ ತಿರುಗೋ ಬೇರಿಂಗ್ ಭಾಗ) ಇಂಗ್ಲಿಷ್ ಥ್ರೆಡ್‌ನದ್ದಾದ್ರೆ ಚೈನ್ ಇರೋ ಬಲಗಡೆ ಕಪ್ ಉಲ್ಟಾ. ಇಟಾಲಿಯನ್ ಆದ್ರೆ ಎರಡೂ ಮಾಮೂಲಿ. ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) ಥ್ರೆಡ್‌ಗೆ ಗ್ರೀಸ್ ಹಚ್ಚೋದು ಮರೆತ್ರಂತೂ ಕೆಟ್ಟಿರಿ. ತುಳಿದಷ್ಟೂ ಅದು ತಾನೇ ಬಿಗಿ ಆಗ್ತಾ ಹೋಗುತ್ತೆ, ಆಮೇಲೆ ಬಿಚ್ಚೋದು ಕಷ್ಟ. ಕ್ರ್ಯಾಂಕ್ ಕೂರೋ ಚೌಕ ಆಕ್ಸಲ್‌ನ ಮುಖಕ್ಕೆ ಗ್ರೀಸ್ ಹಚ್ಚಬೇಕೋ ಬೇಡ್ವೋ ಅಂತ ಮೆಕ್ಯಾನಿಕ್‌ಗಳು ಇವತ್ತಿಗೂ ಜಗಳ ಆಡ್ತಾರೆ, ನಾವು ಆ ಜಗಳಕ್ಕೆ ಹೋಗೋದು ಬೇಡ. ಕ್ರ್ಯಾಂಕ್ ಬೋಲ್ಟ್‌ನ ಥ್ರೆಡ್‌ಗೆ ಹಚ್ಚಬೇಕು ಅನ್ನೋದ್ರಲ್ಲಿ ಜಗಳ ಇಲ್ಲ.

ಹಚ್ಚಬಾರದ ಜಾಗಗಳೂ ಇವೆ. ಥ್ರೆಡ್ ಮೇಲೆ ನೀಲಿ ಅಂಟು ಒಣಗಿರೋ ಬೋಲ್ಟ್, ಅಂದ್ರೆ ಥ್ರೆಡ್‌ಲಾಕರ್ ಇರೋದು, ಮುಖ್ಯವಾಗಿ ಡಿಸ್ಕ್ ಬ್ರೇಕ್ ರೋಟರ್‌ದು (ಬ್ರೇಕ್ ಹಿಡಿಯೋ ತಟ್ಟೆ). ಅಲ್ಲಿ ಗ್ರೀಸ್ ಸವರಿದ್ರೆ ಅಂಟು ಹಿಡಿಯಲ್ಲ, ರೋಟರ್‌ಗೆ ಒಂದು ಹನಿ ತಾಗಿದ್ರೂ ಬ್ರೇಕ್ ಹಿಡಿಯಲ್ಲ. ಕಾರ್ಬನ್ ಸೀಟ್‌ಪೋಸ್ಟ್‌ಗೂ (ಸೀಟ್ ಕೂರೋ ಕಂಬಕ್ಕೂ) ಬೇಡ, ಅದಕ್ಕೆ ಒರಟು ಕಣ ಇರೋ ಅಸೆಂಬ್ಲಿ ಪೇಸ್ಟ್ ಬೇರೆ ಇದೆ.

ಗ್ರೀಸ್ ಹಚ್ಚಿದ ಮೇಲೆ ಅದೇ ಬಲಕ್ಕೆ ಬೋಲ್ಟ್ ಜಾಸ್ತಿ ಹಿಗ್ಗುತ್ತೆ. ಹಾಗಾಗಿ ಸ್ಟೆಮ್‌ನಲ್ಲಿರೋ (ಹ್ಯಾಂಡಲ್ ಹಿಡಿಯೋ ಭಾಗ) ಥರದ ಸಣ್ಣ ಬೋಲ್ಟ್‌ಗಳಲ್ಲಿ ಅಂದಾಜಿಗೆ ತಿರುಗಿಸಬೇಡಿ. ಭಾಗದ ಮೇಲೆ 5 (ನ್ಯೂಟನ್ ಮೀಟರ್) ಅಂತ ಬರೆದಿದ್ರೆ ಟಾರ್ಕ್ ಕೀ, ಅಂದ್ರೆ ಬಲ ಅಳೆಯೋ ಸ್ಪ್ಯಾನರ್, 5ಕ್ಕೇ ನಿಲ್ಲಲಿ. ಹೊರಗೆ ಉಕ್ಕಿದ್ದನ್ನ ಒರೆಸಿಬಿಡಿ, ಧೂಳು ಅಂಟೋದು ಅದಕ್ಕೇ.

ಪೆಡಲ್ ಈಗಾಗಲೇ ಕಚ್ಚಿಕೊಂಡಿದ್ರೆ? ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಕ್ರ್ಯಾಂಕ್ ತುದಿಗೆ ಕುದಿನೀರು ಸುರಿಯಿರಿ, ಕೈ ಜೋಪಾನ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಹಿಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ. ತಣ್ಣಗಾಗೋ ಮುಂಚೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಹಿಂದಕ್ಕೆ ತಳ್ಳಿ.