ಒಂದೇ ಬಸ್ಸಲ್ಲಿ ಐದು 'ಬೋರ್ಡ್': ಹಲಗೆ ಸರ್ಕಾರ ಆದದ್ದು ಹೇಗೆ?

[ದೃಶ್ಯ: ಕಾಸರಗೋಡು ಬಸ್ ನಿಲ್ದಾಣ. ಹೊರಡಲು ನಿಂತ ಬಸ್ಸಿನ ಮುಂಭಾಗ.]

ಈ ಬಸ್ಸನ್ನು ನೋಡಿ. ಎದುರು ಊರಿನ ಹೆಸರು ಬರೆದದ್ದು ಬೋರ್ಡ್. ಕಾಲಿಟ್ಟು ಹತ್ತುವುದು ಫುಟ್‌ಬೋರ್ಡ್. ಡ್ರೈವರನ ಮುಂದೆ ದೇವರ ಫೋಟೋ, ಮಲ್ಲಿಗೆ ಮಾಲೆ ಇರುವ ಜಾಗ ಡ್ಯಾಶ್‌ಬೋರ್ಡ್. ಆನ್‌ಲೈನಲ್ಲಿ ಟಿಕೆಟ್ ಮಾಡಿಸಿದ್ದರೆ ಅದರಲ್ಲಿ ಬೋರ್ಡಿಂಗ್ ಪಾಯಿಂಟ್. ಸರ್ಕಾರಿ ಬಸ್ಸಾದರೆ ಆ ನಿಗಮವನ್ನು ನಡೆಸಲು ಮೇಲೊಂದು ಡೈರೆಕ್ಟರ್ ಬೋರ್ಡ್.

(ಬಸ್ಸಿನ ಬೋರ್ಡಿನಲ್ಲಿ ಕನ್ನಡ ಎಲ್ಲಿ ಅಂತ ಕೇಳುವವರಿಗೆ: ಅದು ಇಡೀ ಒಂದು ಬೇರೆ ವಿಡಿಯೋ. ಇವತ್ತು ಬಿಪಿ ಏರಿಸಿಕೊಳ್ಳುವುದು ಬೇಡ.)

ಬದಿಯಡ್ಕ ಕಡೆಯ ವೀಕ್ಷಕರೊಬ್ಬರ ಪ್ರಶ್ನೆ ಹೀಗಿತ್ತು: ಕರೆಂಟು ಹೋದರೆ ಫೋನ್ ಮಾಡುವುದು ಎಲೆಕ್ಟ್ರಿಸಿಟಿ ಬೋರ್ಡಿಗೆ, ಬಂದ ಮೇಲೆ ಒತ್ತುವುದು ಸ್ವಿಚ್ ಬೋರ್ಡು, ಎರಡಕ್ಕೂ ಒಂದೇ ಹೆಸರು ಯಾಕೆ? ಒಳ್ಳೆಯ ಪ್ರಶ್ನೆ. ಇಂಗ್ಲಿಷ್ ಪದಗಳ ಅರ್ಥ ಹೇಗೆ ಬೆಳೆಯುತ್ತದೆ ಎಂಬ ವಿಷಯ ಬಂದರೆ ಎಲ್ಲರೂ 'ಸೆಟ್' ಪದ ಹಿಡಿದುಕೊಳ್ಳುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಅದರದ್ದೇ, 430ರಷ್ಟು ಅರ್ಥ. ಇರಲಿ. ಪಟ್ಟಿ ಓದಿ ಬಾಯಿ ಕಳೆಯಬಹುದು, ಅಷ್ಟೇ. 'ಬೋರ್ಡ್' ಹಾಗಲ್ಲ. ಇದರ ಒಂದೊಂದು ಅರ್ಥವೂ ಹಿಂದಿನ ಯಾವ ಅರ್ಥದಿಂದ ಒಡೆದು ಬಂತು ಅಂತ ಬೆರಳಿಟ್ಟು ತೋರಿಸಬಹುದು.

ಬೇಸಿಕ್ಸ್ ಬೇಗ ಮುಗಿಸೋಣ. ಸಾವಿರ ವರ್ಷ ಹಿಂದಿನ ಹಳೆ ಇಂಗ್ಲಿಷಿನಲ್ಲಿ 'ಬೋರ್ಡ್' ಅಂದರೆ ಹಲಗೆ. ಸೀಳಿದ, ಚಪ್ಪಟೆಯಾದ ಮರ. ಆದರೆ ಅದೇ ಕಾಲದಲ್ಲಿ ಅದೇ ಉಚ್ಚಾರದ ಇನ್ನೊಂದು ಪದವೂ ಇತ್ತು. ಅದರ ಅರ್ಥ ಅಂಚು, ಬದಿ; ಮುಖ್ಯವಾಗಿ ಹಡಗಿನ ಬದಿ. ಇವೆರಡು ಮೂಲದಲ್ಲಿ ಬೇರೆಬೇರೆ ಪದಗಳು ಎನ್ನುವುದು ಬಹುತೇಕ ನಿಘಂಟುಕಾರರ ಅಭಿಪ್ರಾಯ. ಹಡಗಿನ ಬದಿ ಇರುವುದೂ ಹಲಗೆಯಲ್ಲೇ ಆದ ಕಾರಣ ಎರಡೂ ಬೇಗ ಒಂದಕ್ಕೊಂದು ಬೆಸೆದುಕೊಂಡವು.

ಇಲ್ಲಿ ಒಂದು ನಿಮಿಷ ನಿಲ್ಲಲೇಬೇಕು, ಯಾಕೆಂದರೆ ಇದು ನಮ್ಮ ಊರಿನ ವಿಷಯ.

[ದೃಶ್ಯ: ತಲಪಾಡಿ. ಕರ್ನಾಟಕ-ಕೇರಳ ಗಡಿ.]

ಆ 'ಅಂಚು' ಎಂಬ ಅರ್ಥದ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಕುಟುಂಬದ) ಪದವನ್ನು ಫ್ರೆಂಚರು ತೆಗೆದುಕೊಂಡರು. ಅದರಿಂದ ಬಟ್ಟೆಯ ಅಂಚಿಗೆ, ಗುರಾಣಿಯ ಅಂಚುಪಟ್ಟಿಗೆ ಒಂದು ಪದ ಮಾಡಿಕೊಂಡರು. ಅದು ತಿರುಗಿ ಇಂಗ್ಲಿಷಿಗೆ ಬಂದು 'ಬಾರ್ಡರ್' ಆಯಿತು. ಅಂದರೆ ತಲಪಾಡಿ ಬಾರ್ಡರ್ ದಾಟುವ ಬಸ್ಸಿನ ಬೋರ್ಡಿಂಗ್ ಪಾಯಿಂಟೂ ಆ ಬಾರ್ಡರೂ ಸಂಬಂಧಿಕರು! ಸೀರೆಯ ಬಾರ್ಡರ್ ಅನ್ನುತ್ತೇವಲ್ಲ, ಅದೇ ಹಳೆ ಅರ್ಥಕ್ಕೆ ಹತ್ತಿರ. ನಾಡಿನ ಗಡಿ ಎಂಬ ಅರ್ಥ ಆಮೇಲೆ, 16ನೇ ಶತಮಾನದಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಸೀಮೆಗೆ ಅನ್ವಯವಾಗಿ ಬೇರೂರಿತು. 1956ರ ನವೆಂಬರ್ 1ರಂದು ನಮ್ಮನ್ನು ಗಡಿನಾಡಿಗರನ್ನಾಗಿ ಮಾಡಿದ ಗೆರೆಗೆ ನಾವು ಇಟ್ಟ ಹೆಸರು ಸೀರೆ ಸೆರಗಿನದ್ದು. ಸೀರೆಯ ಅಂಚಾದರೆ ಯಾರೂ ಜಗಳ ಮಾಡುತ್ತಿರಲಿಲ್ಲ.

ಸರಿ, ಹಡಗಿಗೆ ಬರೋಣ. 'ಹಡಗಿನ ಬದಿ' ಎಂಬ ಅರ್ಥದಿಂದಲೇ ಹಡಗು ಹತ್ತುವುದು 'ಬೋರ್ಡ್' ಮಾಡುವುದಾಯಿತು. ಮೊದಲಿಗೆ ಅದು ಮರ್ಯಾದೆಯಿಂದ ಹತ್ತುವುದಲ್ಲ, ಶತ್ರು ಹಡಗಿನ ಪಕ್ಕೆಗೆ ತಾಗಿ ನಿಂತು ನುಗ್ಗುವುದು. ಕಾಸರಗೋಡಲ್ಲಿ ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಬಸ್ಸು ಹತ್ತುವವರಲ್ಲಿ ಆ ಮೂಲ ಅರ್ಥ ಇನ್ನೂ ಜೀವಂತ. ಆಮೇಲೆ ಹಡಗಿನಿಂದ ರೈಲಿಗೆ, ಬಸ್ಸಿಗೆ, ವಿಮಾನಕ್ಕೆ. ಮಂಗಳೂರು ವಿಮಾನ ನಿಲ್ದಾಣದ ಬೋರ್ಡಿಂಗ್ ಪಾಸಿನಲ್ಲಿರುವುದು ಹಲಗೆಯಲ್ಲ, ಹಡಗಿನ ಪಕ್ಕೆ.

ಹಡಗಿನ ಬಲಬದಿ 'ಸ್ಟಾರ್‌ಬೋರ್ಡ್'. ನಕ್ಷತ್ರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಹಿಂದೆ ಚುಕ್ಕಾಣಿ ಹಡಗಿನ ಹಿಂದೆ ನಡುವಿನಲ್ಲಿ ಇರುತ್ತಿರಲಿಲ್ಲ, ಬಲಬದಿಗೆ ಕಟ್ಟಿದ ದೊಡ್ಡ ಹುಟ್ಟು. ಹೆಚ್ಚಿನವರು ಬಲಗೈಯವರಲ್ಲವೇ. ಹಾಗಾಗಿ ಅದು ಸ್ಟಿಯರಿಂಗ್ ಬದಿ. ಹುಟ್ಟು ದಕ್ಕೆಗೆ ಬಡಿಯಬಾರದೆಂದು ಎಡಬದಿಯನ್ನು ದಡಕ್ಕೆ ಕೊಟ್ಟು ಸರಕು ಹೇರುತ್ತಿದ್ದರು. ಎಡಕ್ಕೆ 'ಲಾರ್‌ಬೋರ್ಡ್' ಎಂಬ ಹೆಸರು ಬಂತು. ಈಗ ಬಿರುಗಾಳಿಯಲ್ಲಿ ಒಬ್ಬ 'ಸ್ಟಾರ್‌ಬೋರ್ಡ್' ಅಂತ ಕೂಗಿದ, ಇನ್ನೊಬ್ಬನಿಗೆ 'ಲಾರ್‌ಬೋರ್ಡ್' ಅಂತ ಕೇಳಿತು ಅಂದರೆ ಹಡಗು ಬಂಡೆಗೆ. ಅದಕ್ಕೇ 1844ರಲ್ಲಿ ಬ್ರಿಟಿಷ್ ನೌಕಾಪಡೆ 'ಲಾರ್‌ಬೋರ್ಡ್' ಬಿಡಿ, 'ಪೋರ್ಟ್' ಎನ್ನಿ ಎಂದು ಆದೇಶ ಹೊರಡಿಸಿತು. ಎರಡು ವರ್ಷದಲ್ಲಿ ಅಮೆರಿಕದವರೂ ಹಾಗೇ ಮಾಡಿದರು. ಪದಗಳು ತಾವಾಗಿ ಸಾಯುವುದೇ ಹೆಚ್ಚು. ಸರ್ಕಾರಿ ಆದೇಶದಿಂದ ಸತ್ತದ್ದು ಅಪರೂಪ.

ಈಗ ಎರಡನೇ ದಾರಿ. ಇದರಲ್ಲೇ ಇರುವುದು ಎಲೆಕ್ಟ್ರಿಸಿಟಿ ಬೋರ್ಡ್.

ಮಧ್ಯಯುಗದ ಇಂಗ್ಲೆಂಡಿನ ದೊಡ್ಡಮನೆಗಳಲ್ಲಿ ಊಟದ ಮೇಜು ಅಂದರೆ ಕವಲು ಕಾಲಿನ ಎರಡು ಸ್ಟ್ಯಾಂಡ್, ಮೇಲೆ ಉದ್ದದ ಹಲಗೆ. ಉಂಡಾದ ಮೇಲೆ ಹಲಗೆ ತೆಗೆದು ಗೋಡೆಗೆ ಒರಗಿಸುವುದು. ಹಾಗಾಗಿ 'ಬೋರ್ಡ್' ಮೇಜಾಯಿತು. ಮೇಜಿನಿಂದ ಮೇಜಿನ ಮೇಲಿನ ಊಟ. ಊಟದಿಂದ, ದುಡ್ಡು ಕೊಟ್ಟು ದಿನಾ ಉಣ್ಣುವ ಏರ್ಪಾಟು. 17ನೇ ಶತಮಾನದ ಹೊತ್ತಿಗೆ ಊಟ ಹಾಕಿ ಓದಿಸುವ ಬೋರ್ಡಿಂಗ್ ಶಾಲೆ. ನಮ್ಮ ಪೇಟೆಗಳ ಹಳೆ ಹೋಟೆಲುಗಳ ಮೇಲೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಅಂತ ಇರುತ್ತದಲ್ಲ, ಬೋರ್ಡಿಂಗ್ ಅಂದರೆ ರೂಮು ಎಂದೇ ಅನೇಕರ ಲೆಕ್ಕ. ಅಲ್ಲ. ಲಾಡ್ಜಿಂಗ್ ರೂಮು, ಬೋರ್ಡಿಂಗ್ ಊಟ.

ಅದೇ ಮೇಜಿನ ಸುತ್ತ ಉಣ್ಣಲು ಮಾತ್ರವಲ್ಲ, ಪಂಚಾತಿಕೆಗೂ ಕೂರುತ್ತಿದ್ದರು. 16ನೇ ಶತಮಾನದಲ್ಲಿ ಮೇಜಿನ ಹೆಸರು ಸುತ್ತ ಕೂತವರಿಗೆ ಬಂತು. ಬೋರ್ಡ್ ಅಂದರೆ ಆಡಳಿತ ಮಂಡಳಿ. ಇದೇನು ಇಂಗ್ಲಿಷಿನವರ ವಿಶೇಷ ಚಮತ್ಕಾರವಲ್ಲ. ಕೂರುವ ಪೀಠ ನ್ಯಾಯಪೀಠವಾಗಿ, ವಿಶ್ವವಿದ್ಯಾಲಯದ ಅಧ್ಯಯನ ಪೀಠವಾಗಿ ಕನ್ನಡದಲ್ಲೂ ಇದೇ ಆಗಿದೆ. ವಸ್ತುವಿನ ಹೆಸರು ಅದಕ್ಕೆ ಅಂಟಿಕೊಂಡವರಿಗೆ ಹೋಗುವುದು, ಅರ್ಥ ಬೆಳೆಯುವ ಅತಿ ಸಾಮಾನ್ಯ ದಾರಿ.

ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಆರ್ಸೆನ್ ದಾರ್ಮೆಸ್ತೆತೆರ್ 1887ರಲ್ಲೇ ಹೇಳಿದ ಹಾಗೆ ಅರ್ಥ ಬೆಳೆಯುವ ಬಗೆ ಎರಡು. ಒಂದು, ನಡುವಿನ ಒಂದೇ ಅರ್ಥದಿಂದ ಎಲ್ಲ ಕಡೆಗೂ ಕಿರಣಗಳ ಹಾಗೆ ಹರಡುವುದು. ಕ್ಯಾರಂ ಬೋರ್ಡ್, ನೋಟೀಸ್ ಬೋರ್ಡ್, ಬ್ಲ್ಯಾಕ್‌ಬೋರ್ಡ್, ಸ್ವಿಚ್ ಬೋರ್ಡ್ ಈ ಜಾತಿ. ಎಲ್ಲದರಲ್ಲೂ ಹಲಗೆ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಸರಪಳಿ. ಮಂಗಳೂರಿನಿಂದ ಕಾಸರಗೋಡಿಗೆ ಬರುವ ಬಸ್ಸು ನೆನಪಿಸಿಕೊಳ್ಳಿ. ಮಂಗಳೂರಲ್ಲಿ ಹತ್ತಿದವರು ಉಪ್ಪಳದಲ್ಲಿ ಇಳಿದರು, ಉಪ್ಪಳದವರು ಕುಂಬಳೆಯಲ್ಲಿ ಇಳಿದರು, ಕಾಸರಗೋಡಲ್ಲಿ ಇಳಿಯುವವರಲ್ಲಿ ಮಂಗಳೂರಿನವರು ಒಬ್ಬರೂ ಇಲ್ಲ. ಆದರೆ ಬಸ್ಸು ಅದೇ. ಹಲಗೆ, ಮೇಜು, ಮೇಜಿನ ಸುತ್ತಲಿನವರು, ಮಂಡಳಿ: ಕೊನೆಗೆ ತಲುಪುವಾಗ ಹಲಗೆ ಬಸ್ಸಿನಲ್ಲೇ ಇಲ್ಲ.

ನಮಗೆ ಗೊಂದಲ ಜಾಸ್ತಿಯಾಗುವುದಕ್ಕೆ ಇನ್ನೊಂದು ಕಾರಣ ಇದೆ, ನನ್ನ ಮಟ್ಟಿಗೆ ಅಸಲು ಕಾರಣ ಅದೇ. ಈ ಪದ ನಮ್ಮೂರಿಗೆ ಹಲಗೆಯಾಗಿ ಬರಲೇ ಇಲ್ಲ, ಸರ್ಕಾರವಾಗಿ ಬಂತು. ಮದ್ರಾಸಿನಲ್ಲಿ ರೆವಿನ್ಯೂ ಬೋರ್ಡ್ ಆದದ್ದು 1786ರಲ್ಲಿ. 1799ರಲ್ಲಿ ಟಿಪ್ಪು ಬಿದ್ದು ಕೆನರಾ, ಅಂದರೆ ಈ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದ ಮೇಲೆ ಇಲ್ಲಿನ ಕಂದಾಯದ ಲೆಕ್ಕವನ್ನು ಕಲೆಕ್ಟರ್ ಥಾಮಸ್ ಮನ್ರೋ ಬರೆದು ಕಳಿಸುತ್ತಿದ್ದದ್ದು ಆ ಬೋರ್ಡಿಗೆ. ಆಮೇಲೆ 1884ರ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯ್ದೆ, ಡಿಸ್ಟ್ರಿಕ್ಟ್ ಬೋರ್ಡ್, ತಾಲೂಕು ಬೋರ್ಡ್. ಅವು ನಡೆಸುತ್ತಿದ್ದ ಶಾಲೆ 'ಬೋರ್ಡ್ ಶಾಲೆ'. ಬೋರ್ಡ್ ಶಾಲೆ ಬೇರೆ, ಬೋರ್ಡಿಂಗ್ ಶಾಲೆ ಬೇರೆ. ಒಂದರಲ್ಲಿ ಸರ್ಕಾರ, ಇನ್ನೊಂದರಲ್ಲಿ ಊಟ. 1957ರಲ್ಲಿ ಕೇರಳದ ಎಲೆಕ್ಟ್ರಿಸಿಟಿ ಬೋರ್ಡ್. ಅದು ಈಗ ಕಂಪನಿ, ಆದರೂ ಹೆಸರಿನಿಂದ ಬೋರ್ಡ್ ಹೋಗಿಲ್ಲ.

ಹಲಗೆಗೆ ನಮ್ಮಲ್ಲಿ ಹಲಗೆ ಇತ್ತು, ಎರವಲು ಬೇಕಿರಲಿಲ್ಲ. ಈಗಲೂ ಆಚಾರಿಯ ಹತ್ತಿರ ಕೇಳಿ. ಹಲಸಿನ ಮರ ಕೊಯ್ದರೆ ಅವರ ಬಾಯಲ್ಲಿ ಅದು ಹಲಗೆಯೇ. ಬೋರ್ಡ್ ಅಂದರೆ ಅಂಗಡಿಯಿಂದ ತಂದ ಎಂಟು ಅಡಿ ನಾಲ್ಕು ಅಡಿಯ ಶೀಟು, 19 ಎಂಎಂ ಬ್ಲಾಕ್‌ಬೋರ್ಡ್ (ಕರಿಹಲಗೆಯಲ್ಲ, ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು). ಕೊಂಬೆಗಳನ್ನೆಲ್ಲ ಕಡಿದು ತಂದು ಬುಡವನ್ನು ಅಲ್ಲೇ ಬಿಟ್ಟರೆ, ಇವೆಲ್ಲ ಒಂದೇ ಮರದ್ದು ಅಂತ ಗೊತ್ತಾಗುವುದಾದರೂ ಹೇಗೆ?

[ದೃಶ್ಯ: ಕುದುರೆಗಾಡಿಯ ಚಿತ್ರ, ಮುಂದಿನ ಹಲಗೆಗೆ ಬಾಣದ ಗುರುತು.]

ಇನ್ನು ಡ್ಯಾಶ್‌ಬೋರ್ಡ್. ಇದು ನನ್ನ ಅಚ್ಚುಮೆಚ್ಚು, ಸ್ವಲ್ಪ ಉದ್ದ ಆಗುತ್ತದೆ. ಡ್ಯಾಶ್ ಅಂದರೆ ಅಪ್ಪಳಿಸುವುದು, ಎರಚುವುದು. ಕುದುರೆ ಓಡುವಾಗ ಗೊರಸಿನಿಂದ ಕೆಸರು ಹಾರಿ ನೇರ ಗಾಡಿ ಹೊಡೆಯುವವನ ಮುಖಕ್ಕೆ. ಅದನ್ನು ತಡೆಯಲು ಅವನ ಕಾಲಿನ ಮುಂದೆ ನಿಲ್ಲಿಸಿದ ಹಲಗೆ, ಕೆಲವು ಗಾಡಿಗಳಲ್ಲಿ ಚರ್ಮದ ಪರದೆ. ಅದೇ ಡ್ಯಾಶ್‌ಬೋರ್ಡ್; 19ನೇ ಶತಮಾನದ ನಡುವಿನ ಪದ. ಆಟಿಯ ಮಳೆಗೆ ನಮ್ಮ ಒಳರಸ್ತೆಗಳಲ್ಲಿ ಬೈಕು ಓಡಿಸುವವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಮೋಟಾರು ಬಂತು, ಕುದುರೆ ಹೋಯಿತು. ಎಂಜಿನ್ ಮುಂದಕ್ಕೆ ಬಂದಾಗ ಆ ತಡೆ ಅಲ್ಲೇ ಉಳಿಯಿತು, ಈಗ ಕೆಸರಿನ ಬದಲು ಎಂಜಿನ್ನಿನ ಬಿಸಿಗೆ, ಎಣ್ಣೆಗೆ ಅಡ್ಡ. ಡ್ರೈವರನ ಕಣ್ಣೆದುರು ಇರುವ ಒಂದೇ ಸಪಾಟು ಜಾಗ ಅದು, ಆಯಿಲ್ ಪ್ರೆಷರ್ ಮೀಟರು, ಸ್ಪೀಡೋಮೀಟರು ಎಲ್ಲ ಅದಕ್ಕೇ ಜಡಿದರು. ಮೀಟರು ಕೂತದ್ದೇ ಕೆಸರು ಮರೆತುಹೋಯಿತು, ಡ್ಯಾಶ್‌ಬೋರ್ಡ್ ಅಂದರೆ ಮೀಟರುಗಳ ಫಲಕ. ಅಲ್ಲಿಂದ ಕಂಪ್ಯೂಟರಿಗೆ: ಒಂದೇ ನೋಟಕ್ಕೆ ಎಲ್ಲ ಅಂಕಿಅಂಶ ತೋರಿಸುವ ಪರದೆಯೂ ಡ್ಯಾಶ್‌ಬೋರ್ಡ್. ಅಧಿಕಾರಿಗಳು ಮೀಟಿಂಗಿನಲ್ಲಿ ಗಂಭೀರವಾಗಿ ಡ್ಯಾಶ್‌ಬೋರ್ಡ್ ತೆರೆಯುವಾಗ ಕುದುರೆ ಗೊರಸಿನ ಕೆಸರು ನೆನಪಾದರೆ ನಗಬೇಡಿ.

ಹೊತ್ತಾಯಿತು, ಉಳಿದದ್ದು ಒಟ್ಟಿಗೆ. 'ಕಪ್‌ಬೋರ್ಡ್' 14ನೇ ಶತಮಾನದಲ್ಲಿ ಬಟ್ಟಲುಗಳನ್ನು ಇಟ್ಟು ತೋರಿಸುವ ತೆರೆದ ಮೇಜು. ಬಾಗಿಲು ಬಂದದ್ದು ಆಮೇಲೆ. ನಮ್ಮ ಕಪಾಟಿಗೂ ಅದಕ್ಕೂ ನಂಟಿಲ್ಲ, ಕಪಾಟ ಸಂಸ್ಕೃತದ ಬಾಗಿಲು. ಇಸ್ಪೀಟಾಡುವವನ ಕೈ ಮೇಜಿನ ಮೇಲೆ ಕಾಣುತ್ತಿದ್ದರೆ ಮೋಸವಿಲ್ಲ, ಅದು 'ಅಬೌ ಬೋರ್ಡ್'. ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗರ ಬ್ರೆಡ್‌ಬೋರ್ಡ್, 2.54 ಮಿಲಿಮೀಟರ್ ಅಂತರದಲ್ಲಿ ತೂತು ಇರುವ ಪ್ಲಾಸ್ಟಿಕ್ಕಿನದ್ದು, ಅದಕ್ಕೆ ಆ ಹೆಸರು ಬಂದದ್ದು ಹಿಂದೆ ರೇಡಿಯೋ ಹವ್ಯಾಸಿಗಳು ನಿಜವಾಗಿ ಬ್ರೆಡ್ ಕೊಯ್ಯುವ ಹಲಗೆಗೆ ಮೊಳೆ ಹೊಡೆದು ಸರ್ಕ್ಯೂಟ್ ಕಟ್ಟುತ್ತಿದ್ದುದರಿಂದ.

ನೀವೇ ಒಂದು ಪದದ ಜಾಡು ಹಿಡಿಯುವುದಾದರೆ ಹೀಗೆ ಮಾಡಿ. ನಿಘಂಟಿನಲ್ಲಿ ಅರ್ಥಗಳನ್ನು ಬಳಕೆಯ ಕ್ರಮದಲ್ಲಲ್ಲ, ಮೊದಲು ದಾಖಲಾದ ವರ್ಷದ ಕ್ರಮದಲ್ಲಿ ಜೋಡಿಸಿ. ಇವತ್ತು ಹೆಚ್ಚು ಕೇಳುವ ಅರ್ಥವೇ ಹಳತು ಅಂದುಕೊಳ್ಳುವಲ್ಲೇ ಮುಕ್ಕಾಲು ಜನ ಎಡವುವುದು. ಪಕ್ಕಪಕ್ಕದ ಎರಡು ಅರ್ಥಗಳ ನಡುವೆ ಯಾವ ವಸ್ತು ಇತ್ತು ಅಂತ ಕೇಳಿ; ಮೇಜು ಸಿಗದಿದ್ದರೆ ಹಲಗೆಯಿಂದ ಮಂಡಳಿಗೆ ಸೇತುವೆ ಸಿಗುವುದಿಲ್ಲ. ಕಾಗುಣಿತ ಒಂದೇ ಎಂದು ನಂಬಬೇಡಿ: ಬೋರ್ಡಿಂಗ್ ಪಾಸಿನ ಬೋರ್ಡ್ ಹಡಗಿನದ್ದು, ಬೋರ್ಡಿಂಗ್ ಶಾಲೆಯದ್ದು ಮೇಜಿನದ್ದು. ಶಬ್ದ ಹತ್ತಿರ ಅಂತಲೂ ನಂಬಬೇಡಿ, ಪಾಠ ಕೇಳಿ ಬೋರಾಗುವುದು, ತೋಟದಲ್ಲಿ ಬೋರು ಕೊರೆಸುವುದು, ಯಾವುದಕ್ಕೂ ಬೋರ್ಡಿನ ನಂಟಿಲ್ಲ. ಕತೆ ಬಹಳ ಚೆನ್ನಾಗಿದ್ದರೆ ಇನ್ನೂ ಅನುಮಾನ ಪಡಿ, ವರ್ಷ ಹೊಂದುತ್ತದಾ ನೋಡಿ.

ಅಭ್ಯಾಸಕ್ಕೆ 'ಲೈನ್' ತೆಗೆದುಕೊಳ್ಳಿ. ಲೈನ್‌ಮ್ಯಾನ್, ಲೈನ್ ಸೇಲ್, ಲೈನ್ ಹೊಡೆಯುವುದು ಎಲ್ಲವನ್ನೂ ಬರೆದಿಟ್ಟು ಹಿಂದಕ್ಕೆ ಹೋಗಿ. ಬೇರು ಲ್ಯಾಟಿನ್, ಅಗಸೆಯ ನಾರು.