ಸ್ಕ್ಯಾನಿಗೆ ಹೆದರುವವರು ಕೀಮೋಗೆ ಮೊದಲು ಕೇಳಬೇಕಾದ ಮಾತು

ನಮಸ್ಕಾರ. ಹಾವೇರಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ಬೋನ್ ಸ್ಕ್ಯಾನಿಗೆ (ಇಂಜೆಕ್ಷನ್ ಕೊಟ್ಟು ಮೂಳೆಗಳನ್ನು ನೋಡುವ ಸ್ಕ್ಯಾನ್) ಬರುವ ಹುಡುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ: ಈ ಇಂಜೆಕ್ಷನ್ ತಗೊಂಡರೆ ಮುಂದೆ ಮಕ್ಕಳಾಗುತ್ತವಾ? ಮನೆಯಲ್ಲಿ ಕನ್ಯೆ ನೋಡುವ ಮಾತು ನಡೆದಿದ್ದರಂತೂ ಅವ್ವನೇ ಮೆಲ್ಲಗೆ ಬಂದು ಕೇಳುತ್ತಾಳೆ.

ಆಗುತ್ತವೆ. ಆ ಇಂಜೆಕ್ಷನ್ನಿನಲ್ಲಿರುವುದು ಟೆಕ್ನೀಷಿಯಂ ಅನ್ನುವ ವಿಕಿರಣ ಸೂಸುವ ವಸ್ತು. 6 ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಜೊತೆಗೆ ಮೂತ್ರದಲ್ಲೂ ಹೊರಗೆ ಹೋಗುತ್ತದೆ. ಬೀಜಕ್ಕೆ (ವೃಷಣಕ್ಕೆ) ತಾಗುವುದು 2 ಮಿಲಿಗ್ರೇ (ಮೈಗೆ ತಾಗುವ ವಿಕಿರಣದ ಅಳತೆ) ಆಸುಪಾಸು, ವೀರ್ಯಾಣು ಸ್ವಲ್ಪ ದಿನದ ಮಟ್ಟಿಗೆ ಕಡಿಮೆಯಾಗಬೇಕಾದರೂ ಒಂದೇ ಸಲಕ್ಕೆ ಸುಮಾರು 150 ಮಿಲಿಗ್ರೇ ಬೇಕು. ಇಂಥದೇ ಇಂಜೆಕ್ಷನ್ ಕೊಟ್ಟು ಮಾಡುವ ಪೆಟ್ ಸ್ಕ್ಯಾನಿನಲ್ಲಿ ಸಿಟಿ ಎಕ್ಸ್‌ರೇಯೂ ಸೇರುವುದರಿಂದ ಸ್ವಲ್ಪ ಜಾಸ್ತಿ, ಆದರೂ ಆ ಮಟ್ಟ ಮುಟ್ಟುವುದಿಲ್ಲ. ಚೆನ್ನಾಗಿ ನೀರು ಕುಡಿಯಿರಿ, ಮೂತ್ರ ತಡೆದು ಕೂರಬೇಡಿ. ತುಂಬಿದ ಮೂತ್ರಕೋಶ ಬೀಜಕ್ಕೆ ಹತ್ತಿರವೇ ಅಲ್ವಾ. ಇದಕ್ಕಾಗಿ ಮದುವೆ ಮುಂದಕ್ಕೆ ಹಾಕುವುದು ಬೇಕಿಲ್ಲ.

ನನಗೆ ಚಿಂತೆ ಇರುವುದು ಇನ್ನೊಂದು ಕಡೆ. ಸ್ಕ್ಯಾನಿಗೆ ಇಷ್ಟು ಹೆದರುವ ಮನೆಯವರೇ, ಕ್ಯಾನ್ಸರ್ ಅಂತ ಗೊತ್ತಾಗಿ ಕೀಮೋ ಶುರುವಾಗುವಾಗ ಈ ಪ್ರಶ್ನೆಯನ್ನು ಮರೆತುಬಿಡುತ್ತಾರೆ. ಜೀವ ಉಳಿದರೆ ಸಾಕು ಅನ್ನುವ ಹೊತ್ತು ಅದು, ನನಗೂ ಅರ್ಥವಾಗುತ್ತದೆ. ಆದರೆ ನಿಜವಾದ ಅಪಾಯ ಇರುವುದು ಅಲ್ಲೇ. ಸೈಕ್ಲೋಫಾಸ್ಫಮೈಡಿನಂಥ ಕೀಮೋ ಔಷಧಿ ಜಾಸ್ತಿ ಹೋದರೆ, ಕಿಬ್ಬೊಟ್ಟೆಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟರೆ, ವೀರ್ಯಾಣು ಪೂರ್ತಿ ನಿಂತುಹೋಗಬಹುದು, ಕೆಲವರಿಗೆ ಮತ್ತೆ ಬರುವುದೇ ಇಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ಅಯೋಡಿನ್ 131 (ವಿಕಿರಣ ಸೂಸುವ ಅಯೋಡಿನ್) ಕೂಡ ಸ್ಕ್ಯಾನಿನ ಲೆಕ್ಕದ್ದಲ್ಲ, ಅದು ಚಿಕಿತ್ಸೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಮೇಲೆ ಬೇಕು, ಅದಕ್ಕೇ ಅಯೋಡಿನ್ ತಗೊಂಡ ಗಂಡಸರಿಗೆ ಕಡಿಮೆ ಅಂದರೂ 4 ತಿಂಗಳು ಮಗುವಿನ ಯೋಚನೆ ಬೇಡ ಅಂತ ಹೇಳುತ್ತಾರೆ. ಅದೇ ಡೋಸ್ ಮತ್ತೆ ಮತ್ತೆ ಕೊಡಬೇಕಾದರೆ ವೀರ್ಯ ಕಾಪಿಡುವ ಮಾತು ಮೊದಲೇ ಆಗಬೇಕು.

ಕಾಪಿಡುವುದು ಅಂಥ ಕಷ್ಟದ ಕೆಲಸವೇನಲ್ಲ. ಕೀಮೋದ ಮೊದಲ ಬಾಟಲಿ ಏರಿಸುವ ಮುಂಚೆ ವೀರ್ಯದ ಸ್ಯಾಂಪಲ್ ಕೊಟ್ಟರೆ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಸಂಖ್ಯೆ ಕಡಿಮೆ ಇದ್ದರೂ ಬಿಡಬೇಡಿ, ಈಗ ಒಂದು ಅಂಡಕ್ಕೆ ಒಂದೇ ವೀರ್ಯಾಣು ಸೇರಿಸಿ ಗರ್ಭ ಕಟ್ಟಿಸಬಹುದು. ಡಾಕ್ಟರು ತಾವಾಗಿ ಈ ಮಾತು ತೆಗೆಯದಿದ್ದರೆ ನೀವೇ ಕೇಳಿ. ಅಪ್ಪನ ಮುಂದೆ ಹುಡುಗನಿಗೆ ನಾಚಿಕೆಯಾದರೆ, ಅವನನ್ನು ಒಬ್ಬನನ್ನೇ ಹತ್ತು ನಿಮಿಷ ಡಾಕ್ಟರ ಹತ್ತಿರ ಬಿಡಿ.