ಠರಾವಿನಿಂದ ಬಜೆಟ್ಟಿನವರೆಗೆ

ಕೇಳುಗರಿಗೆ ನಮಸ್ಕಾರ.

2016ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮಹಾನಗರಕ್ಕೆ ಸೇರಿದ ಡ್ಯಾರೆಬಿನ್‌ನ ಸ್ಥಳೀಯ ಕೌನ್ಸಿಲ್ ಒಂದು ಠರಾವು ಪಾಸು ಮಾಡಿತು. ಭೂಮಿ ಬಿಸಿಯಾಗುತ್ತಿರುವುದನ್ನು ತುರ್ತು ಪರಿಸ್ಥಿತಿ ಎಂದೇ ತಿಳಿಯಬೇಕು ಎಂಬುದು ಅದರ ಸಾರ. ಸರ್ಕಾರದ ಯಾವುದೇ ಹಂತದಲ್ಲಿ ಇಂಥ ಘೋಷಣೆ ಹೊರಬಿದ್ದದ್ದು ಜಗತ್ತಿನಲ್ಲಿ ಅದೇ ಮೊದಲು. ಎರಡು ವರ್ಷದ ಬಳಿಕ, 2018ರ ನವೆಂಬರಿನಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕೌನ್ಸಿಲ್ ಅದೇ ಹಾದಿ ಹಿಡಿಯಿತು. ಬ್ರಿಟನ್ನಿನ ಸಂಸತ್ತು ಇದೇ ಮಾತನ್ನು ಆಡಿದ್ದು 2019ರ ಮೇ 1ರಂದು. ಊರು ಮೊದಲು, ಸಂಸತ್ತು ಆಮೇಲೆ. ಮುಂದೆ ಆ ದೇಶವೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಕೌನ್ಸಿಲ್‌ಗಳು ಇಂಥ ಠರಾವು ಮಾಡಿದವು.

ಠರಾವಿಗೆ ಕೈ ಎತ್ತುವುದಕ್ಕೆ ಖರ್ಚಿಲ್ಲ. ಸಭೆ ಮುಗಿದು, ಫೋಟೊ ತೆಗೆಸಿಕೊಂಡು, ಮರುದಿನ ಕಚೇರಿಯ ಬಾಗಿಲು ತೆರೆದಾಗ ಯಾವ ಕಡತ ಯಾರ ಮೇಜಿಗೆ ಹೋಗುತ್ತದೆ? ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಮೊದಲು ಒಂದು ಲೆಕ್ಕ. ಬ್ರಿಟನ್ನಿನಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಹವಾಮಾನ ಬದಲಾವಣೆ ಸಮಿತಿ 2020ರಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರದ ಬಗ್ಗೆ ಒಂದು ವರದಿ ಕೊಟ್ಟಿತು. ಒಂದು ಊರಿನಿಂದ ಗಾಳಿಗೆ ಸೇರುವ ಇಂಗಾಲದಲ್ಲಿ ಕೌನ್ಸಿಲ್ಲಿನ ನೇರ ಹಿಡಿತದಲ್ಲಿರುವುದು ಶೇಕಡ 2ರಿಂದ 5 ಮಾತ್ರ. ಅದರ ಕಚೇರಿ, ಅದರ ವಾಹನ, ಅದರ ಬೀದಿದೀಪ, ಅಷ್ಟೆ. ಇದನ್ನು ಕೇಳಿದವರು ಹಾಗಿದ್ದರೆ ಇವರಿಂದೇನಾದೀತು ಎನ್ನಬಹುದು. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತು. ಸುಮಾರು ಮೂರನೇ ಒಂದು ಭಾಗದಷ್ಟು ಇಂಗಾಲ ಸ್ಥಳೀಯ ಸಂಸ್ಥೆಗಳ ತೀರ್ಮಾನಗಳ ಪ್ರಭಾವಕ್ಕೆ ಒಳಪಟ್ಟಿದೆ. ಮನೆ ಎಲ್ಲಿ ಕಟ್ಟಬೇಕು, ರಸ್ತೆಯಲ್ಲಿ ಕಾರಿಗೆಷ್ಟು ಜಾಗ, ಸೈಕಲ್ಲಿಗೆಷ್ಟು, ಕಸ ಎಲ್ಲಿಗೆ ಹೋಗಬೇಕು, ಯಾವ ಟೆಂಡರಿನಲ್ಲಿ ಯಾವ ಷರತ್ತು ಹಾಕಬೇಕು, ಇವೆಲ್ಲ ಅಲ್ಲೇ ತೀರ್ಮಾನವಾಗುವುದು. ಆಸ್ತಿ ಕಡಿಮೆ, ಅಧಿಕಾರ ಹೆಚ್ಚು. ಆ ಅಧಿಕಾರವನ್ನು ಬಳಸುವುದು ಮಾತ್ರ ತುಂಬ ನೀರಸವಾದ ಕೆಲಸ.

ಇದರ ಕಥೆ ಹೊಸದೇನಲ್ಲ. 1992ರ ಜೂನ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಭೂಶೃಂಗಸಭೆ ‘ಅಜೆಂಡಾ 21’ ಎಂಬ ಕಾರ್ಯಸೂಚಿಯನ್ನು ಒಪ್ಪಿಕೊಂಡಿತು. ಅದರ 28ನೇ ಅಧ್ಯಾಯ ಸ್ಥಳೀಯ ಸಂಸ್ಥೆಗಳದ್ದು. 1996ರ ಹೊತ್ತಿಗೆ ಪ್ರತಿ ದೇಶದ ಹೆಚ್ಚಿನ ಸ್ಥಳೀಯ ಸಂಸ್ಥೆಗಳು ತಮ್ಮ ಜನರ ಜೊತೆ ಕೂತು ಮಾತಾಡಿ, ಊರಿನದೇ ಒಂದು ಕಾರ್ಯಸೂಚಿ ಮಾಡಿಕೊಳ್ಳಬೇಕು ಎಂದು ಅದು ಹೇಳಿತ್ತು. ಎಷ್ಟೋ ಕಡೆ ಅದು ಬಣ್ಣದ ಮುಖಪುಟದ ಪುಸ್ತಿಕೆಯಾಗಿ ಕಪಾಟು ಸೇರಿತು. ಸ್ವೀಡನ್ನಿನ ವೆಕ್ಷೊ ಎಂಬ ಪಟ್ಟಣದಲ್ಲಿ ಹಾಗಾಗಲಿಲ್ಲ. ಅದೇ 1996ರಲ್ಲಿ ಅಲ್ಲಿನ ಎಲ್ಲ ಪಕ್ಷಗಳೂ ಒಮ್ಮತದಿಂದ, ನಮ್ಮ ಊರು ಕಲ್ಲಿದ್ದಲು, ಎಣ್ಣೆಗಳಿಂದ ಮುಕ್ತವಾಗಬೇಕು ಎಂದು ತೀರ್ಮಾನಿಸಿದವು. ಅವರು ಬರಿಗೈಯಲ್ಲಿ ಈ ಮಾತಾಡಲಿಲ್ಲ. 1970ರ ದಶಕದಲ್ಲೇ ಹೊಲಸಾಗಿದ್ದ ತಮ್ಮ ಕೆರೆಯ ತಳದ ಕೆಸರು ಎತ್ತಿ ಅದನ್ನು ಬದುಕಿಸಿಕೊಂಡಿದ್ದರು. 1980ರಲ್ಲಿ, ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಸ್ಥಾವರದಲ್ಲಿ ಎಣ್ಣೆಯ ಬದಲು ಸುತ್ತಲಿನ ಕಾಡಿನ ಮರದ ಚೂರು ಉರಿಸಲು ಶುರುಮಾಡಿದ್ದರು. ಠರಾವು ಬಂದದ್ದು ಹದಿನಾರು ವರ್ಷದ ಅನುಭವದ ಮೇಲೆ. ಈಗಿನ ಅನೇಕ ಘೋಷಣೆಗಳು ಈ ಕ್ರಮವನ್ನು ತಿರುವುಮುರುವು ಮಾಡಿವೆ ಎಂದು ನನಗನ್ನಿಸುತ್ತದೆ.

ಇನ್ನು ದುಡ್ಡಿನ ಮಾತಿಗೆ ಬರೋಣ. ಒಂದು ಶಾಲೆಯ ಹಳೇ ಬಾಯ್ಲರ್ ವಿಪರೀತ ಇಂಧನ ತಿನ್ನುತ್ತಿದೆ ಅನ್ನಿ. ಹೊಸದು ಹಾಕಿದರೆ ಕೆಲವು ವರ್ಷದಲ್ಲಿ ಹಾಕಿದ ಖರ್ಚು ವಾಪಸಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಹೊಸದಕ್ಕೆ ಶಿಕ್ಷಣ ವಿಭಾಗದ ಬಳಿ ಈ ವರ್ಷ ಹಣವಿಲ್ಲ. ಮುಂದಿನ ವರ್ಷವೂ ಇರುವುದಿಲ್ಲ. ಇಂಧನದ ಬಿಲ್ಲು ಮಾತ್ರ ತಪ್ಪದೆ ಪಾವತಿಯಾಗುತ್ತಿರುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರ 1995ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ನಗರಾಡಳಿತದ ಇಂಧನ ವಿಭಾಗದ ಕೈಗೆ ಒಂದು ನಿಧಿ ಕೊಟ್ಟರು. ಬಾಯ್ಲರಿಗೆ ಆ ವಿಭಾಗ ಬಡ್ಡಿಯಿಲ್ಲದೆ ಹಣ ಹಾಕುತ್ತದೆ. ಬಿಲ್ಲಿನಲ್ಲಿ ಉಳಿದ ಹಣವನ್ನು ಶಾಲೆಯ ವಿಭಾಗ ವರ್ಷಾವರ್ಷ ನಿಧಿಗೆ ಕಟ್ಟುತ್ತದೆ. ಅಸಲು ತೀರಿದ ಮೇಲೆ ಉಳಿತಾಯವೆಲ್ಲ ಶಾಲೆಯದ್ದೇ. ನಿಧಿಗೆ ಮರಳಿದ ಹಣ ಇನ್ನೊಂದು ಕಟ್ಟಡಕ್ಕೆ ಹೋಗುತ್ತದೆ. ಬ್ಯಾಂಕು ಬೇಕಿಲ್ಲ, ಹೊರಗಿನ ಕಂಪನಿ ಬೇಕಿಲ್ಲ. ಒಂದೇ ಕಚೇರಿಯ ಎರಡು ಕೋಣೆಗಳ ನಡುವಿನ ಕೈಗಡ ಇದು. ಟಿವಿಯವರು ಬಂದು ತೋರಿಸುವಂಥದ್ದೇನೂ ಇಲ್ಲ ಇದರಲ್ಲಿ. ನನ್ನನ್ನು ಕೇಳಿದರೆ, ಹಲವು ಘೋಷಣೆಗಳಿಗಿಂತ ಇಂಥ ಒಂದು ಖಾತೆ ಮೇಲು.

ನಾರ್ವೆಯ ಓಸ್ಲೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2016ರಲ್ಲಿ, ಮರುವರ್ಷಕ್ಕೆಂದು ಹಣದ ಬಜೆಟ್ಟಿನ ಜೊತೆಗೇ ಇಂಗಾಲದ ಬಜೆಟ್ಟನ್ನೂ ಮಂಡಿಸಿತು. ಇಷ್ಟು ವರ್ಷದೊಳಗೆ ಇಷ್ಟು ಟನ್ ಇಳಿಯಬೇಕು, ಯಾವ ಕ್ರಮದಿಂದ ಎಷ್ಟು ಇಳಿಯುತ್ತದೆ, ಅದರ ಹೊಣೆ ಯಾವ ಇಲಾಖೆಯದು, ಅದಕ್ಕೆ ಎಷ್ಟು ಹಣ, ಎಲ್ಲ ಒಂದೇ ಕಡೆ. 2009ಕ್ಕೆ ಹೋಲಿಸಿದರೆ 2030ಕ್ಕೆ ಶೇಕಡ 95ರಷ್ಟು ಇಳಿಸುವುದು ಅವರ ಗುರಿ. ಗುರಿಯ ಅಂಕಿಗಿಂತ ನನಗೆ ಮುಖ್ಯವೆನಿಸುವುದು ಬೇರೆಯದು. ಹಿಂದೆ ಈ ವಿಷಯ ಪರಿಸರ ವಿಭಾಗದ ನಾಲ್ಕು ಜನರ ಕಾಳಜಿಯಾಗಿತ್ತು, ಈಗ ಹಣಕಾಸಿನವರ ಲೆಕ್ಕಕ್ಕೆ ಬಂತು. ಲೆಕ್ಕ ತಪ್ಪಿದರೆ ಕೇಳುವವರು ಹುಟ್ಟಿಕೊಂಡರು.

ಇದರಿಂದ ಏನಾಯಿತು ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ರಸ್ತೆ ಅಗೆಯುವ, ಕಟ್ಟಡ ಕಟ್ಟುವ ಯಂತ್ರಗಳು ಸುಡುವ ಡೀಸೆಲ್ ಕಡಿಮೆಯೇನಲ್ಲ. ಓಸ್ಲೊ ತನ್ನ ಕಾಮಗಾರಿಗಳ ಟೆಂಡರಿನಲ್ಲೇ ಹೊಗೆಯುಗುಳದ ಯಂತ್ರಗಳಿಗೆ ಆದ್ಯತೆ ಎಂದು ಬರೆಯತೊಡಗಿತು. ಮೊದಮೊದಲು ಅಂಥ ದೊಡ್ಡ ಯಂತ್ರಗಳು ಮಾರುಕಟ್ಟೆಯಲ್ಲಿ ಇರಲೇ ಇಲ್ಲ. ಡೀಸೆಲ್ ಎಂಜಿನ್ ತೆಗೆದು ಬ್ಯಾಟರಿ ಕೂರಿಸಿ ಹೊಂದಿಸಿಕೊಂಡರು. ಕೊಳ್ಳುವವರು ಖಚಿತವಾಗಿ ಇದ್ದಾರೆ ಎಂದು ಗೊತ್ತಾದ ಮೇಲೆ ತಯಾರಕರೂ ಬಂದರು. 2025ರಿಂದ ನಗರಾಡಳಿತದ ಕಾಮಗಾರಿಗಳಲ್ಲಿ ಅದೇ ನಿಯಮ. ಲಂಡನ್ನಿನ ಮರ್ಟನ್ ಕೌನ್ಸಿಲ್ 2003ರಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ. 1000 ಚದರ ಮೀಟರಿಗಿಂತ ದೊಡ್ಡದಾದ ವಸತಿಯೇತರ ಕಟ್ಟಡಕ್ಕೆ ಪರವಾನಗಿ ಬೇಕಿದ್ದರೆ, ಅದಕ್ಕೆ ಬೇಕಾಗುವ ಶಕ್ತಿಯ ಶೇಕಡ 10ರಷ್ಟನ್ನಾದರೂ ಅಲ್ಲೇ ನವೀಕರಿಸಬಹುದಾದ ಮೂಲದಿಂದ ಪಡೆಯಬೇಕು ಎಂದಿತು. ಬೇರೆ ಕೌನ್ಸಿಲ್‌ಗಳು ಇದನ್ನು ನಕಲು ಮಾಡಿದವು. ಸ್ಥಳೀಯ ಸಂಸ್ಥೆಗಳು ಇಂಥ ನಿಯಮ ಮಾಡಬಹುದೆಂದು 2008ರಲ್ಲಿ ಸಂಸತ್ತು ಕಾಯ್ದೆಯನ್ನೇ ತಂದಿತು.

ಇದುವರೆಗೆ ಹೇಳಿದ್ದು ಹೊಗೆ ತಗ್ಗಿಸುವ ಮಾತು. ಈಗಾಗಲೇ ಬಂದಿರುವ ಬಿಸಿಲು, ಮಳೆಗಳ ಗತಿಯೇನು? 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚು ಸಂಭವಿಸಿದವು ಎಂದು ಆಮೇಲೆ ಲೆಕ್ಕ ಹಾಕಿದ ಸಂಶೋಧಕರು ಹೇಳಿದರು. ಬಿಸಿಲಿನ ಸಾವು ಪ್ರವಾಹದ ಸಾವಿನಂತಲ್ಲ, ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಹಾಕಿದ ಮೇಲೇ ಗೊತ್ತಾಗುವುದು. 2013ರಲ್ಲಿ ಆ ನಗರದ ಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಬಾರಿಗೆ ಬಿಸಿಲಿನ ಕ್ರಿಯಾಯೋಜನೆ ರೂಪಿಸಿತು. ಮುನ್ಸೂಚನೆಯ ತಾಪ ಒಂದು ಮಟ್ಟ ದಾಟಿದರೆ ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕು, ಆಸ್ಪತ್ರೆ ಏನು ಸಿದ್ಧ ಮಾಡಿಕೊಳ್ಳಬೇಕು, ಕುಡಿಯುವ ನೀರು ಎಲ್ಲೆಲ್ಲಿ ಇಡಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟರು. ಬಡವರ ಮನೆಗಳ ಸೂರಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ನಡೆಯಿತು. ಭಾರತದ ಹಲವು ನಗರಗಳು, ರಾಜ್ಯಗಳು ಈ ಮಾದರಿಯನ್ನು ತೆಗೆದುಕೊಂಡಿವೆ.

ಆದರೆ ಕಚೇರಿ ಎಷ್ಟೇ ಚುರುಕಾದರೂ ಜನ ಜೊತೆಗಿರದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಜನರನ್ನು ಜೊತೆಗೆ ಸೇರಿಸಿಕೊಳ್ಳುವುದಕ್ಕೆ ಜಾಗೃತಿ ಜಾಥಾ ಒಂದೇ ದಾರಿ ಎಂದು ನಂಬಿದವರು ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪದ ಕಥೆ ಕೇಳಬೇಕು. ಸುಮಾರು ನಾಲ್ಕು ಸಾವಿರ ಜನರ ದ್ವೀಪ. ಎಣ್ಣೆ ಹಡಗಿನಲ್ಲಿ ಬರಬೇಕು, ಕರೆಂಟು ಸಮುದ್ರದಡಿಯ ಕೇಬಲ್ಲಿನಲ್ಲಿ. 1997ರಲ್ಲಿ ಡೆನ್ಮಾರ್ಕ್ ಸರ್ಕಾರ ಏರ್ಪಡಿಸಿದ ಸ್ಪರ್ಧೆಯಲ್ಲಿ ಸ್ಯಾಮ್ಸೊ ಗೆದ್ದು, ನವೀಕರಿಸಬಹುದಾದ ಶಕ್ತಿಯ ಮಾದರಿ ದ್ವೀಪ ಎನ್ನಿಸಿಕೊಂಡಿತು. ಬಹುಮಾನದ ಜೊತೆ ದುಡ್ಡಿನ ಗಂಟೇನೂ ಬರಲಿಲ್ಲ. ಜನರಿಗೂ ಅಂಥ ಉತ್ಸಾಹವಿರಲಿಲ್ಲ. ಅಲ್ಲಿಯವರೇ ಆದ, ಪರಿಸರ ಪಾಠ ಹೇಳುತ್ತಿದ್ದ ಸೋರೆನ್ ಹೆರ್ಮನ್ಸೆನ್ ಈ ಕೆಲಸ ಹೊತ್ತುಕೊಂಡು, ಊರಿನಲ್ಲಿ ಯಾವ ಸಭೆಯಿದ್ದರೂ ಹೋಗಿ ಕೂತು ಇದರ ಮಾತೆತ್ತುತ್ತಿದ್ದರು. ಭೂಮಿಯನ್ನು ಉಳಿಸೋಣ ಎಂಬ ಉಪದೇಶ ಅಲ್ಲಿ ನಡೆಯಲಿಲ್ಲ. ನಡೆದದ್ದು ಪಾಲುದಾರಿಕೆ. ನೆಲದ ಮೇಲೆ ಎದ್ದ ಹನ್ನೊಂದು ಗಾಳಿಯಂತ್ರಗಳಲ್ಲಿ ಒಂಬತ್ತು ರೈತರದು, ಎರಡು ಊರವರು ಷೇರು ಹಾಕಿ ಕೊಂಡವು. 2003ರಲ್ಲಿ ಸಮುದ್ರದಲ್ಲಿ ಇನ್ನೂ ಹತ್ತು ಯಂತ್ರ ಶುರುವಾದವು. ಅವುಗಳಲ್ಲಿ ಐದು ಸ್ಥಳೀಯಾಡಳಿತದ ಸ್ವಂತದ್ದು. ಹೊಲದ ಒಣಹುಲ್ಲು ಉರಿಸಿ ಮನೆಗಳಿಗೆ ಬಿಸಿನೀರು ಕೊಡುವ ಸ್ಥಾವರಗಳೂ ಬಂದವು.

ಬೇರೆ ಎಷ್ಟೋ ಕಡೆ ಗಾಳಿಯಂತ್ರ ಎಂದರೆ ಸದ್ದು, ನೋಟ ಕೆಡುತ್ತದೆ ಎಂಬ ತಕರಾರು. ಇಲ್ಲಿ ರೆಕ್ಕೆ ತಿರುಗಿದರೆ ತಮ್ಮ ಖಾತೆಗೆ ಹಣ ಬೀಳುತ್ತದೆ ಎಂದು ಗೊತ್ತಿದ್ದವರಿಗೆ ಆ ಸದ್ದು ಅಷ್ಟು ಕಿರಿಕಿರಿಯಾಗಲಿಲ್ಲ. ಒಂದು ಮಾತು ಸೇರಿಸಬೇಕು. ದ್ವೀಪದ ಕಾರುಗಳು, ದೋಣಿಗಳು ಎಣ್ಣೆ ಕುಡಿಯುವುದನ್ನು ಒಮ್ಮೆಲೇ ಬಿಡಲಿಲ್ಲ. ಸಮುದ್ರದ ಯಂತ್ರಗಳ ಕರೆಂಟನ್ನು ಹೊರಗೆ ಕಳಿಸಿ, ಕಾರು, ದೋಣಿಗಳ ಹೊಗೆಗೆ ಇದು ವಜಾ ಎಂದು ಲೆಕ್ಕ ಸರಿದೂಗಿಸಿದರು. ಇದು ಮೋಸವೇನಲ್ಲ. ಆದರೆ ‘ಪೂರ್ತಿ ಹಸಿರು’ ಎಂದು ಕೇಳಿದಾಗಲೆಲ್ಲ ಅದರೊಳಗೆ ಇಂಥ ಜಮಾಖರ್ಚು ಇರುತ್ತದೆ ಎಂಬುದು ನೆನಪಿರಲಿ.

ಕೇರಳದ ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಇಂಗಾಲದ ಲೆಕ್ಕ ಸಮ ಮಾಡುವ, ಅಂದರೆ ಗಾಳಿಗೆ ಬಿಟ್ಟಷ್ಟನ್ನು ಮರಗಳಂಥವುಗಳಿಂದ ಮರಳಿ ಹೀರಿಸುವ ಯೋಜನೆ ಕೈಗೊಂಡಾಗ ಹಿಡಿದದ್ದೂ ಇದೇ ಎಳೆಯನ್ನು. ರೈತರು ತಮ್ಮ ಮರಗಳನ್ನು ಅಡವಿಟ್ಟು ಬಡ್ಡಿಯಿಲ್ಲದ ಸಾಲ ಪಡೆಯಬಹುದು, ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು. ಹಣದ ಪಾಲಲ್ಲದೆ ಮಾತಿನ ಪಾಲು ಕೊಟ್ಟವರೂ ಇದ್ದಾರೆ. ಲಂಡನ್ನಿನ ಕ್ಯಾಮ್ಡನ್ ಕೌನ್ಸಿಲ್ 2019ರಲ್ಲಿ ಎಲ್ಲ ಬಗೆಯ ಜನ ಇರುವಂತೆ ಆರಿಸಿದ ಐವತ್ತಕ್ಕೂ ಹೆಚ್ಚು ನಿವಾಸಿಗಳ ನಾಗರಿಕ ಸಭೆ ಸೇರಿಸಿತು. ತಜ್ಞರ ಮಾತು ಕೇಳಿ, ತಮ್ಮಲ್ಲೇ ಚರ್ಚಿಸಿ ಅವರು 17 ಶಿಫಾರಸು ಕೊಟ್ಟರು. ಸಭೆಗೆ ಸದಾ ಬರುವ ಅದೇ ಹತ್ತು ಮುಖಗಳ ಬದಲು ಎಂದೂ ಬಾರದವರ ಅಭಿಪ್ರಾಯ ಸಿಗುತ್ತದೆ, ಇದರ ಲಾಭ ಅದು.

ಕೊನೆಗೆ ಗುರಿ ತಪ್ಪಿದವರ ವಿಚಾರ. 2025ಕ್ಕೆ ಇಂಗಾಲದ ಲೆಕ್ಕ ಸೊನ್ನೆ ಮಾಡಿದ ಮೊದಲ ರಾಜಧಾನಿ ನಮ್ಮದೇ ಆಗುತ್ತದೆ ಎಂದು 2012ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಹೇಳಿತ್ತು. 2022ರಲ್ಲಿ, ಇದು ಆಗುವುದಿಲ್ಲ ಎಂದು ತಾನೇ ಒಪ್ಪಿಕೊಂಡಿತು. ಆ ಹೊತ್ತಿಗೆ ಬಹುಪಾಲು ಹೊಗೆ ಇಳಿದಿತ್ತು. ಸಿಕ್ಕಿಬಿದ್ದದ್ದು ಕಸ ಸುಡುವ ಸ್ಥಾವರದಲ್ಲಿ. ಅದರ ಹೊಗೆಯಿಂದ ಇಂಗಾಲ ಹಿಡಿದಿಡುವ ಯೋಜನೆಗೆ ಕೇಂದ್ರ ಸರ್ಕಾರದ ನೆರವು ದಕ್ಕಲಿಲ್ಲ. ಓಸ್ಲೊದ್ದೂ ಅದೇ ಪಾಡು. ಅಲ್ಲಿಯೂ ಕಸ ಸುಡುವ ಸ್ಥಾವರ ಹೊಗೆಯ ಅತಿ ದೊಡ್ಡ ಮೂಲಗಳಲ್ಲೊಂದು. ಅದರ ಇಂಗಾಲ ಹಿಡಿಯುವ ಕಾಮಗಾರಿ ವೆಚ್ಚ ಏರಿತೆಂದು 2023ರಲ್ಲಿ ನಿಂತು, ಆಮೇಲೆ ಮತ್ತೆ ಶುರುವಾಯಿತು. ಜನ ಎಸೆದದ್ದನ್ನೆಲ್ಲ ಸುಟ್ಟು, ಆ ಹೊಗೆಯನ್ನು ಮತ್ತೆ ಹಿಡಿಯಲು ಕೋಟ್ಯಂತರ ಸುರಿಯುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಜಪಾನಿನ ಕಮಿಕಾತ್ಸು ಈ ಗಂಟನ್ನು ಇನ್ನೊಂದು ತುದಿಯಿಂದ ಬಿಡಿಸಲು ಹೊರಟಿತು. ಬೆಟ್ಟದ ನಡುವೆ ಸುಮಾರು ಒಂದೂವರೆ ಸಾವಿರ ಜನರಿರುವ ಊರು. 2020ರೊಳಗೆ ಕಸ ಸುಡುವುದನ್ನೂ ಹೂಳುವುದನ್ನೂ ನಿಲ್ಲಿಸುತ್ತೇವೆ ಎಂದು 2003ರಲ್ಲಿ ಘೋಷಿಸಿತು. ಅಲ್ಲಿ ಕಸದ ಗಾಡಿ ಮನೆಬಾಗಿಲಿಗೆ ಬರುವುದಿಲ್ಲ. ಜನರೇ ಕೇಂದ್ರಕ್ಕೆ ತಂದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸಿ ಹಾಕಬೇಕು. ಸುಮಾರು ಶೇಕಡ 80ರಷ್ಟು ಮರುಬಳಕೆಯಾಯಿತು. ಉಳಿದ 20 ಹಠ ಹಿಡಿದು ನಿಂತಿತು. ಡೈಪರು, ಶೂ, ಬೇರೆಬೇರೆ ವಸ್ತು ಅಂಟಿಸಿ ಮಾಡಿದ ಸಾಮಾನು, ಇವನ್ನು ಎಷ್ಟು ಬಗೆಯಾಗಿ ವಿಂಗಡಿಸಿದರೂ ಪ್ರಯೋಜನವಿಲ್ಲ. ಅವು ಕಾರ್ಖಾನೆಯಿಂದ ಹೊರಬರುವಾಗಲೇ ಬಿಚ್ಚಲಾಗದ ಹಾಗೆ ತಯಾರಾಗಿರುತ್ತವೆ. ಅದನ್ನು ಬದಲಿಸುವ ಅಧಿಕಾರ ಆ ಪುಟ್ಟ ಊರಿನ ಸ್ಥಳೀಯಾಡಳಿತಕ್ಕಿಲ್ಲ. 2020ರಲ್ಲಿ ಅದು 2030ಕ್ಕೆಂದು ಹೊಸ ಘೋಷಣೆ ಹೊರಡಿಸಿ, ಅದೇ ಕೇಂದ್ರದಲ್ಲಿ ಅದೇ ಕೆಲಸ ಮುಂದುವರಿಸಿದೆ.

ನಮಸ್ಕಾರ.